ಉಪವಾಸ ರಿಪೋರ್ಟಿಗಾಗಿ ಅಲ್ಲ



ತಪಸ್ಸುಕಾಲ ಬಂತೆಂದರೆ ಈಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡು ಉಪವಾಸಗಳ ಮಾತು ಒಟ್ಟಿಗೆ ನಡೆಯುತ್ತದೆ. ಒಂದು ಧರ್ಮಸಭೆ ಹೇಳುವ ಉಪವಾಸ. ಇನ್ನೊಂದು 16 ಗಂಟೆ ಏನೂ ತಿನ್ನದೆ, ಉಳಿದ 8 ಗಂಟೆಯೊಳಗೆ ಊಟ ಮುಗಿಸುವ ಇಂಟರ್ಮಿಟೆಂಟ್ ಫಾಸ್ಟಿಂಗ್. ಎರಡನ್ನೂ ಒಟ್ಟಿಗೆ ಮುಗಿಸಿ, ಪಾಸ್ಖಕ್ಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ ನೋಡೋಣ ಎನ್ನುವವರು ನಮ್ಮಲ್ಲೇ ಇದ್ದಾರೆ. ಆರೋಗ್ಯ ನೋಡಿಕೊಳ್ಳುವುದು ಒಳ್ಳೆಯದೇ. ಆದರೆ ಎರಡನ್ನೂ ಕಲಸಿಬಿಟ್ಟರೆ ದೇಹಕ್ಕೂ ಆತ್ಮಕ್ಕೂ ನಷ್ಟ ಎಂಬುದು ನಮ್ಮ ಅಭಿಪ್ರಾಯ.

ಮೊದಲು ರಿಪೋರ್ಟಿನ ವಿಷಯ. 8 ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸಹಜ. 126 ಅಥವಾ ಹೆಚ್ಚಿದ್ದರೆ, ಮತ್ತೊಮ್ಮೆ ಪರೀಕ್ಷಿಸಿದಾಗಲೂ ಹಾಗೆಯೇ ಬಂದರೆ, ಮಧುಮೇಹ. ಎರಡು ದಿನ ಊಟ ಬಿಟ್ಟು ತಂದ ಒಳ್ಳೆಯ ಅಂಕಿ ಆ ಬೆಳಗಿನದ್ದು ಮಾತ್ರ. ಎಚ್‌ಬಿಎ1ಸಿ ಪರೀಕ್ಷೆಯಾದರೋ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಅದನ್ನು ಎರಡು ದಿನದ ಉಪವಾಸದಿಂದ ಒಲಿಸಿಕೊಳ್ಳಲು ಆಗುವುದಿಲ್ಲ. ಇನ್ನು ತುಂಬಾ ಹೊತ್ತು ಹಸಿದಿದ್ದರೆ ಯೂರಿಕ್ ಆಮ್ಲವೂ ಬಿಲಿರುಬಿನ್ನೂ ಏರಬಹುದು. ನೀರನ್ನೂ ಬಿಟ್ಟರೆ ಕ್ರಿಯಾಟಿನಿನ್ ಹೆಚ್ಚು ತೋರಬಹುದು. ಕಾಮಾಲೆ ಬಂತು, ಕಿಡ್ನಿ ಹೋಯಿತು ಎಂದು ಹೆದರುವ ಮೊದಲು, ಎಷ್ಟು ಗಂಟೆ ಉಪವಾಸವಿದ್ದೆವು ಎಂದು ವೈದ್ಯರಿಗೆ ಹೇಳೋಣ.

ವಿಡಿಯೋಗಳಲ್ಲಿ 2016ರ ನೊಬೆಲ್ ಬಹುಮಾನದ ಮಾತು ಪದೇ ಪದೇ ಬರುತ್ತದೆ. ಯೊಶಿನೊರಿ ಒಸುಮಿ ಅವರಿಗೆ ಅದು ಬಂದದ್ದು ಜೀವಕೋಶ ತನ್ನದೇ ಭಾಗಗಳನ್ನು ಒಡೆದು ಮರುಬಳಸುವ ಬಗೆಯನ್ನು ಯೀಸ್ಟ್‌ನಲ್ಲಿ ಕಂಡುಹಿಡಿದದ್ದಕ್ಕೆ. ನಮ್ಮ 16 ಗಂಟೆಯ ಉಪವಾಸಕ್ಕಲ್ಲ. ಚೀನಾದ ಗುವಾಂಗ್‌ಝೌನಲ್ಲಿ 139 ಸ್ಥೂಲಕಾಯರ ಮೇಲೆ ಒಂದು ವರ್ಷ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅಷ್ಟೇ ಕ್ಯಾಲೊರಿ ಕಡಿಮೆ ತಿಂದವರಲ್ಲಿ, 8 ಗಂಟೆಯೊಳಗೆ ಊಟ ಮುಗಿಸಿದವರ ತೂಕ ಉಳಿದವರಿಗಿಂತ ಗಮನಾರ್ಹವಾಗಿ ಹೆಚ್ಚೇನೂ ಇಳಿಯಲಿಲ್ಲ. ಫಲ ಇದೆ, ಆದರೆ ಅದು ಗಡಿಯಾರದ ಪವಾಡವಲ್ಲ.

ನಮಗೆ ಹೆಚ್ಚು ಚಿಂತೆ ನಮ್ಮ ಮನೆಯ ಹಿರಿಯರದ್ದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ನಮ್ಮ ಕೇರಳದಲ್ಲಿ ವಯಸ್ಕರಲ್ಲಿ ಶೇಕಡಾ 25.5 ಮಂದಿಗೆ ಮಧುಮೇಹವಿದೆ. ಅಂದರೆ ಪೂಜೆಗೆ ಕೂತ ಬೆಂಚಿನಲ್ಲಿ ನಾಲ್ವರಿಗೊಬ್ಬರು. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬಂದು ಪ್ರಜ್ಞೆಯೇ ತಪ್ಪಬಹುದು. ಊಟದ ಜೊತೆ ಮಾತ್ರೆಯನ್ನೂ ಬಿಟ್ಟರೆ ಸಕ್ಕರೆ ಏರುತ್ತದೆ. ಬಿಸಿಲಲ್ಲಿ ಶಿಲುಬೆ ಹಾದಿ ನಡೆಯುವ ಅಜ್ಜಿಗೆ ಇವೆರಡೂ ಅಪಾಯ.

ಧರ್ಮಸಭೆ ಇದನ್ನು ಕೇಳುವುದೂ ಇಲ್ಲ. ಉಪವಾಸದ ಕಟ್ಟಳೆ 18 ತುಂಬಿದವರಿಂದ 59 ತುಂಬುವವರೆಗೆ. ಕಡ್ಡಾಯ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅಂದು ಸಹ ಒಂದು ಪೂರ್ಣ ಊಟ, ಎರಡು ಸಣ್ಣ ಊಟಕ್ಕೆ ಅವಕಾಶವಿದೆ. ರೋಗಿಗಳಿಗೆ ವಿನಾಯಿತಿ ಇದೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯಲ್ಲೂ ನೀರು, ಔಷಧಕ್ಕೆ ಅಡ್ಡಿಯಿಲ್ಲ. ಮಾತ್ರೆ ನುಂಗಿ ಗಂಜಿ ಉಂಡ ಅಜ್ಜಿಯ ವಿಶ್ವಾಸ ಹಸಿದವರ ವಿಶ್ವಾಸಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಲ್ಲ. ಇದನ್ನು ನಾವು ಅವರಿಗೆ ಹೇಳಬೇಕು. ನಮ್ಮ ಮಾತು ಕೇಳದಿದ್ದರೆ ಧರ್ಮಗುರುಗಳಿಂದ ಹೇಳಿಸಬೇಕು.

ಯೆಶಾಯನ 58ನೇ ಅಧ್ಯಾಯವನ್ನು ಈ ವಾರ ಒಮ್ಮೆ ಓದಿ ನೋಡಿ. ದೇವರು ಮೆಚ್ಚುವ ಉಪವಾಸ ಹಸಿದವನ ಜೊತೆ ರೊಟ್ಟಿ ಹಂಚುವುದರಲ್ಲಿದೆ ಎಂದು ಪ್ರವಾದಿ ಹೇಳುತ್ತಾನೆ. ನಾವು ಬಿಟ್ಟ ಊಟದ ಲಾಭ ನಮ್ಮ ಸೊಂಟದ ಸುತ್ತಳತೆಗೆ ಮಾತ್ರ ಸೇರಿದರೆ ಅದು ಡಯಟ್. ಪಕ್ಕದ ಮನೆಗೂ ತಲುಪಿದರೆ ತಪಸ್ಸು.

ಆದ್ದರಿಂದ ನಮ್ಮ ಸಲಹೆ ಇಷ್ಟು. ಬಿಟ್ಟ ಚಹಾ-ತಿಂಡಿಯ ದುಡ್ಡನ್ನು ಒಂದು ಡಬ್ಬಿಗೆ ಹಾಕಿ, ವಾಳೆಯಲ್ಲಿ ಮಾತ್ರೆ ಕೊಳ್ಳಲು ಕಷ್ಟಪಡುವ ಒಬ್ಬರಿಗೆ ಮುಟ್ಟಿಸೋಣ. ಶುಭ ಶುಕ್ರವಾರಕ್ಕೆ ಮುಂಚೆ ಮನೆಯ ಹಿರಿಯರನ್ನು ಕುಟುಂಬ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಅವರು ಉಪವಾಸ ಮಾಡಬಹುದೇ ಎಂದು ಕೇಳೋಣ. ನಮ್ಮ ರಕ್ತ ಪರೀಕ್ಷೆ ಪಾಸ್ಖ ಕಳೆದು, ಎಂದಿನಂತೆ ಉಣ್ಣತೊಡಗಿದ ಮೇಲೆ ಆಗಲಿ. ಆಗ ಸಿಗುವುದೇ ನಮ್ಮ ನಿಜವಾದ ರಿಪೋರ್ಟು.