ಕೊಳ್ಳುವುದರಲ್ಲಿ ವಿವೇಕ

ನಮ್ಮ ಗಣಿತದ ಪಾಠಗಳಲ್ಲಿ ಲಾಭನಷ್ಟದ ಲೆಕ್ಕಗಳು ಬಹಳವಾಗಿವೆ. ವರ್ತಕನೊಬ್ಬನು ಇಷ್ಟು ರೂಪಾಯಿಗೆ ಕೊಂಡ ಪದಾರ್ಥವನ್ನು ಇಷ್ಟು ರೂಪಾಯಿಗೆ ಮಾರಿದರೆ ಅವನಿಗೆ ಶೇಕಡಾ ಎಷ್ಟು ಲಾಭವಾಯಿತೆಂದು ಕೇಳುತ್ತೇವೆ. ನಮ್ಮ ಹುಡುಗಿಯರು ಚೆನ್ನಾಗಿಯೇ ಉತ್ತರ ಕೊಡುತ್ತಾರೆ. ಆದರೆ ಆ ಪದಾರ್ಥವನ್ನು ಕೊಂಡವಳಿಗೆ ಏನಾಯಿತು, ಅದು ಅವಳಿಗೆ ಬೇಕಾಗಿತ್ತೋ ಇಲ್ಲವೋ, ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ನಮ್ಮ ವಿದ್ಯಾರ್ಥಿನಿಯರಲ್ಲಿ ವರ್ತಕರಾಗುವವರು ಕೆಲವರು ಮಾತ್ರ, ಗಿರಾಕಿಗಳಾಗುವವರು ಎಲ್ಲರೂ. ಆದಕಾರಣ ಈ ಸ್ಮರಣ ಸಂಚಿಕೆಯಲ್ಲಿ ಕೊಳ್ಳುವವರ ಪಕ್ಷದಿಂದ ನಾಲ್ಕು ಮಾತು ಬರೆಯಲು ಅಪೇಕ್ಷಿಸುತ್ತೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರಿಗೆ ಹೊಸ ಕನ್ನಡಕ ಮಾಡಿಸಬೇಕೆಂದು ಹಣವನ್ನು ತೆಗೆದುಕೊಂಡು ಪೇಟೆಗೆ ಹೋದೆನು. ದಾರಿಯಲ್ಲಿ ಒಂದು ಬಟ್ಟೆಯಂಗಡಿಯ ಮುಂದೆ, ಎರಡು ಸೀರೆ ಕೊಂಡವರಿಗೆ ಮೂರನೆಯದು ಉಚಿತವೆಂದೂ ಆ ಸಂಜೆಯೇ ಕಡೆಯೆಂದೂ ಬರೆದಿತ್ತು. ಒಂದನ್ನೂ ಕೊಳ್ಳಬೇಕೆಂದು ಹೊರಡದಿದ್ದ ನಾನು ಮೂರು ಸೀರೆಗಳೊಡನೆ ಮನೆಗೆ ಬಂದೆನು. ತಾಯಿಯವರ ಕನ್ನಡಕ ಎರಡು ತಿಂಗಳು ತಡವಾಯಿತು. ಅವರು ಒಂದು ಮಾತನ್ನೂ ಆಡಲಿಲ್ಲ. ಸಾಯಂಕಾಲದ ಓದನ್ನು ಮಾತ್ರ ನಿಲ್ಲಿಸಿಬಿಟ್ಟರು. ಆ ಮೂರನೆಯ ಸೀರೆ ಇಂದಿಗೂ ಉಡದೆ ಪೆಟ್ಟಿಗೆಯಲ್ಲಿದೆ. ತರಗತಿಯಲ್ಲಿ ಮಿತವ್ಯಯವನ್ನು ಬೋಧಿಸುತ್ತ ಬಂದವಳ ಗತಿಯೇ ಹೀಗಾದರೆ, ಹದಿನೈದು ವರ್ಷದ ಹುಡುಗಿಯ ಪಾಡೇನು?

ಹೆಂಗಸರಿಗೆ ಪೇಟೆಯನ್ನು ಕಂಡರೆ ಬುದ್ಧಿ ನಿಲ್ಲುವುದಿಲ್ಲವೆಂದು ಕೆಲವರು ಹಾಸ್ಯ ಮಾಡುವುದುಂಟು. ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ಅಜ್ಜಿಯರೂ ಹೆಂಗಸರೇ ಆಗಿದ್ದರು. ಕೈಯಲ್ಲಿದ್ದ ಅಲ್ಪ ಹಣದಿಂದಲೇ ಅವರು ದೊಡ್ಡ ಸಂಸಾರಗಳನ್ನು ಸಾಗಿಸಿದರು. ಆದರೆ ಅವರಿಗೆ ಸಂತೆ ವಾರಕ್ಕೊಂದೇ ದಿನ. ಬೇಕೆನ್ನಿಸಿದ್ದನ್ನು ಕುರಿತು ಯೋಚಿಸಲು ನಡುವೆ ಆರು ದಿನಗಳಿರುತ್ತಿದ್ದವು. ಅಷ್ಟರಲ್ಲಿ ಅರ್ಧ ಆಸೆಗಳು ತಾವಾಗಿಯೇ ಹೋಗುತ್ತಿದ್ದವು. ಸೆರಗಿನ ಗಂಟನ್ನು ಬಿಚ್ಚಿ ಎಣಿಸಿ ಕೊಡುವಾಗ ಇನ್ನೊಮ್ಮೆ ಯೋಚನೆ ಬರುತ್ತಿತ್ತು. ಈಗಲಾದರೋ ಸಂತೆಯು ಮೊಬೈಲಿನೊಳಗೆ ಸೇರಿಕೊಂಡು ನಡುರಾತ್ರಿಯಲ್ಲಿಯೂ ತೆರೆದಿರುತ್ತದೆ. 2016ರಲ್ಲಿ ಯುಪಿಐ ಬಂದ ಮೇಲೆ ಹಣ ಕೊಡುವುದಕ್ಕೆ ಒಂದು ನಿಮಿಷವೂ ಬೇಡ. ಇದರಿಂದ ಆಗಿರುವ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಣ್ಣಿಗೆ ಕಾಣದ ಹಣವು ಕೈಯಿಂದ ಸುಲಭವಾಗಿ ಜಾರುತ್ತದೆ. 2001ರಲ್ಲಿ ಅಮೆರಿಕದ ಪ್ರೆಲೆಕ್, ಸಿಮೆಸ್ಟರ್ ಎಂಬ ಇಬ್ಬರು ವಿದ್ವಾಂಸರು ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಆಟದ ಟಿಕೆಟುಗಳಿಗೆ ಬೆಲೆ ಕೂಗುವಾಗ, ನಗದು ಕೊಡಬೇಕಾದವರಿಗಿಂತ ಕ್ರೆಡಿಟ್ ಕಾರ್ಡಿನಿಂದ ಕೊಡಬೇಕಾದವರು ಸರಾಸರಿಯಲ್ಲಿ ಸುಮಾರು ಇಮ್ಮಡಿ ಬೆಲೆಯನ್ನು ಕೂಗಿದ್ದರು. ಆದುದರಿಂದ ನಾವು ಕಳೆದುಕೊಂಡಿರುವುದು ಬುದ್ಧಿಯನ್ನಲ್ಲ. ಆಸೆಗೂ ಕ್ರಯಕ್ಕೂ ನಡುವೆ ಇದ್ದ ಅವಕಾಶವನ್ನು.

ಈ ಅವಕಾಶವನ್ನು ಅಳಿಸುವುದೇ ಇಂದು ಒಂದು ವಿದ್ಯೆಯಾಗಿದೆ. ಇನ್ನು ಹತ್ತೇ ನಿಮಿಷವೆಂದು ಸುಳ್ಳು ಅವಸರ ತೋರಿಸುವುದು. ಕೇಳದ ಪದಾರ್ಥವನ್ನು ಬುಟ್ಟಿಗೆ ಸೇರಿಸುವುದು. ಒಂದು ಬೆಲೆ ತೋರಿಸಿ ಕಡೆಯಲ್ಲಿ ಬೇರೆ ವೆಚ್ಚಗಳನ್ನು ಕೂಡಿಸುವುದು. ಬೇಡವೆಂದವಳಿಗೆ ನಾಚಿಕೆಯಾಗುವಂತೆ ಬರೆಯುವುದು. ಇಂಥ 13 ಬಗೆಯ ಮೋಸದ ರೀತಿಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೆಸರಿಸಿ ನಿಷೇಧಿಸಿತು. ಅನ್ಯಾಯವಾದವರು 1915 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಹೇಳಬಹುದು. ಆದರೂ ಕಾಯಿದೆಯು ಹಣ ಹೋದ ಮೇಲೆ ಬರುವ ಸಹಾಯ; ಹೋಗದಂತೆ ಕಾಯುವ ಕೆಲಸ ನಮ್ಮದೇ.

ಅದಕ್ಕೆ ಕಷ್ಟವಾದ ವ್ರತವೇನೂ ಬೇಡ. ಪಟ್ಟಿ ಬರೆಯದೆ ಅಂಗಡಿಗೆ ಹೋಗಬಾರದು. ಪಟ್ಟಿಯಲ್ಲಿಲ್ಲದ ಪದಾರ್ಥ ಮನಸ್ಸಿಗೆ ಬಂದರೆ ಒಂದು ರಾತ್ರಿ ಕಳೆಯಲಿ. ಬೆಲೆ ಹೆಚ್ಚಾದರೆ ಒಂದು ವಾರ ಕಳೆಯಲಿ. ದೊಡ್ಡ ಪೊಟ್ಟಣವೇ ಅಗ್ಗವೆಂದು ನಂಬಬಾರದು. 200 ಗ್ರಾಮಿಗೆ 90 ರೂಪಾಯಿ, 500 ಗ್ರಾಮಿಗೆ 240 ರೂಪಾಯಿ ಎಂದಿದ್ದರೆ, 100 ಗ್ರಾಮಿಗೆ ಮೊದಲನೆಯದು 45, ಎರಡನೆಯದು 48 ರೂಪಾಯಿ ಬೀಳುತ್ತದೆ. ಪೊಟ್ಟಣದ ಮೇಲಿನ ಗರಿಷ್ಠ ಬೆಲೆಯು ಮೇಲಿನ ಮಿತಿಯೇ ಹೊರತು ಕೊಡಲೇಬೇಕಾದ ಬೆಲೆಯಲ್ಲ. ತಿಂಗಳಿಗೆ 1,200 ರೂಪಾಯಿಯಂತೆ 12 ಕಂತು ಎಂದರೆ 14,400 ಆಯಿತು; ನಗದು ಬೆಲೆ 12,000 ಆಗಿದ್ದರೆ ಉಳಿದ 2,400 ರೂಪಾಯಿ ನಮ್ಮ ಅವಸರಕ್ಕೆ ತೆತ್ತ ದಂಡವೆಂದು ತಿಳಿಯಬೇಕು. ರಿಯಾಯಿತಿಯಲ್ಲಿ ಎಷ್ಟು ಉಳಿಯಿತೆಂದು ನೋಡದೆ ಎಷ್ಟು ಹೋಯಿತೆಂದು ನೋಡಬೇಕು. ರಸೀದಿಯನ್ನು ಜೋಪಾನವಾಗಿ ಇಡಬೇಕು.

ಬಳೆ, ರಿಬ್ಬನ್ನುಗಳ ಚಿಕ್ಕ ಸಂತೋಷವನ್ನೂ ಮಕ್ಕಳಿಗೆ ಬೇಡವೆನ್ನುವಿರಾ ಎಂದು ಯಾರಾದರೂ ಕೇಳಬಹುದು. ಖಂಡಿತ ಬೇಡವೆನ್ನುವುದಿಲ್ಲ. ಒಂದು ತಿಂಗಳು ಕಾದು ಆರಿಸಿಕೊಂಡ ಬಳೆಯಲ್ಲಿ ಇರುವ ಸಂತೋಷವು ಕ್ಷಣದ ಮೋಹದಿಂದ ಕೊಂಡ ಹತ್ತರಲ್ಲಿ ಇರುವುದಿಲ್ಲ. ಮಿತವ್ಯಯವು ಜಿಪುಣತನವೂ ಅಲ್ಲ. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟು ಬಂದು, ಬೀದಿಯಲ್ಲಿ ಸೊಪ್ಪು ಮಾರುವ ಮುದುಕಿಯೊಡನೆ ಎರಡು ರೂಪಾಯಿಗೆ ಜಗಳವಾಡುವವಳು ವಿವೇಕಿಯೆನಿಸಲಾರಳು.

ಈ ವಿಷಯವನ್ನು ಉಪದೇಶದಲ್ಲಿಯೇ ಬಿಡದೆ ಅಭ್ಯಾಸಕ್ಕೆ ತರಬೇಕೆಂಬುದು ನನ್ನ ಅಭಿಪ್ರಾಯ. ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಒಂದು ಚಿಕ್ಕ ಪುಸ್ತಕವನ್ನು ಇಟ್ಟುಕೊಂಡು, ಬೇಕೆನ್ನಿಸಿದ ಪದಾರ್ಥದ ಹೆಸರು, ಬೆಲೆ, ತಾರೀಖು ಇವನ್ನು ಬರೆಯಲಿ. ಒಂದು ವಾರದ ಮೇಲೆ ಓದಿ, ಬೇಡವಾದದ್ದನ್ನು ಹೊಡೆದುಹಾಕಲಿ. ತಿಂಗಳಿಗೊಮ್ಮೆ ಗಣಿತದ ತರಗತಿಯಲ್ಲಿ ಹೊಡೆದುಹಾಕಿದ ಬೆಲೆಗಳನ್ನು ಕೂಡಿಸಿ ನೋಡೋಣ. ಪೋಷಕರು ತಿಂಗಳ ಸಾಮಾನಿನ ಪಟ್ಟಿಯನ್ನು ಬರೆಯುವಾಗ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಮನೆಯ ವರಮಾನವೆಷ್ಟು, ಅದು ಎಂಥ ದುಡಿಮೆಯಿಂದ ಬರುತ್ತದೆ, ಎಂಬುದನ್ನು ತಿಳಿದ ಹುಡುಗಿಗೆ ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಬೇರೆಯಾಗಿ ಹೇಳಬೇಕಾಗುವುದಿಲ್ಲ.

ಪ್ರಿಯ ವಿದ್ಯಾರ್ಥಿನಿಯರೇ, ನಾಳೆ ನಿಮ್ಮ ಸ್ವಂತ ಸಂಪಾದನೆ ನಿಮ್ಮ ಕೈಗೆ ಬರುವುದು. ಅದನ್ನು ನಿಮ್ಮ ಇಷ್ಟದಂತೆ ವೆಚ್ಚ ಮಾಡುವ ಹಕ್ಕು ನಿಮಗುಂಟು. ಆ ಇಷ್ಟವು ನಿಜವಾಗಿ ನಿಮ್ಮದೋ, ಮಾರುವವರು ನಿಮ್ಮಲ್ಲಿ ಹುಟ್ಟಿಸಿದ್ದೋ ಎಂದು ಒಂದು ರಾತ್ರಿ ಯೋಚಿಸಿರಿ. ಬೆಳಿಗ್ಗೆಯೂ ಬೇಕೆನ್ನಿಸಿದರೆ ಹೋಗಿ ಸಂತೋಷವಾಗಿ ಕೊಳ್ಳಿರಿ.