ತನ್ನದೇ ಸಹಿ ಖೊಟ್ಟಿಯಾದಾಗ

ಇಸವಿ 2000. ಹರಿಯಾಣದ ಪ್ರಾಥಮಿಕ ಶಿಕ್ಷಣ ನಿರ್ದೇಶಕಿಯಾಗಿದ್ದ ಐಎಎಸ್ ಅಧಿಕಾರಿ ರಜನಿ ಸೇಖ್ರಿ ಸಿಬಲ್ ತಮ್ಮ ಕಚೇರಿಯ ಬೀರುವೊಂದಕ್ಕೆ ಬಟ್ಟೆ ಸುತ್ತಿಸಿ, ಮೊಹರು ಹಾಕಿಸಿ, ಅದರ ಮೇಲೆ ಸಾಕ್ಷಿಗಳ ಸಹಿ ಪಡೆದರು. ಬೀರುವಿನಲ್ಲಿದ್ದದ್ದು ಹಣವಲ್ಲ, ಪ್ರಾಥಮಿಕ ಶಾಲಾ ಶಿಕ್ಷಕರ ಹುದ್ದೆಗೆ ನಡೆದ ಸಂದರ್ಶನದ ಅಂಕಪಟ್ಟಿಗಳು. ಅವನ್ನು ಬದಲಿಸುವಂತೆ ತಮ್ಮ ಮೇಲೆ ಒತ್ತಡವಿತ್ತೆಂದು ಅವರು ಮುಂದೆ ಹೇಳಿದರು. ಅವರು ಒಪ್ಪಲಿಲ್ಲ, ಕೆಲವೇ ತಿಂಗಳಲ್ಲಿ ವರ್ಗವಾದರು. ಆಮೇಲೆ ಬಂದವರ ಕಾಲದಲ್ಲಿ ಪಟ್ಟಿಗಳು ಬದಲಾದವು. ಆ ಬದಲಾದ ಪಟ್ಟಿಗಳೇ ಹದಿಮೂರು ವರ್ಷಗಳ ನಂತರ ಒಬ್ಬ ಮಾಜಿ ಮುಖ್ಯಮಂತ್ರಿಯನ್ನೂ ಜಿಲ್ಲಾ ಮಟ್ಟದ ಹಲವಾರು ಶಿಕ್ಷಣ ಅಧಿಕಾರಿಗಳನ್ನೂ ಒಟ್ಟಿಗೆ ತಿಹಾರ್ ಜೈಲಿಗೆ ಕಳುಹಿಸಿದವು.

ಜೆಬಿಟಿ ಹಗರಣವೆಂದೇ ಹೆಸರಾದ ಈ ಪ್ರಕರಣವನ್ನು ಓದುಗರು ಓಂಪ್ರಕಾಶ್ ಚೌಟಾಲ ಮತ್ತು ಅವರ ಮಗ ಅಜಯ್ ಚೌಟಾಲ ಅವರ ಹೆಸರಿನಿಂದ ನೆನಪಿಟ್ಟಿರಬಹುದು. ಪತ್ರಿಕೆಗಳ ತಲೆಬರಹಗಳೂ ಅವರ ಸುತ್ತಲೇ ಸುತ್ತಿದವು. 2015ರಲ್ಲಿ ಸುಪ್ರೀಂ ಕೋರ್ಟು ಅವರ ಮೇಲ್ಮನವಿಯನ್ನು ತಳ್ಳಿಹಾಕಿತು, 2021ರಲ್ಲಿ ಅವರು ಬಿಡುಗಡೆಯಾದರು, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬಿಡುಗಡೆಯಾದ ವರ್ಷವೇ ಹತ್ತನೆಯ ತರಗತಿಯ ಇಂಗ್ಲಿಷ್ ಪರೀಕ್ಷೆ ಬರೆದರೆಂಬುದು ಈ ಕಥೆಯೊಳಗಿನ ವಿಚಿತ್ರ ಅಡಿಟಿಪ್ಪಣಿ. ಆದರೆ ಶಿಕ್ಷೆಗೊಳಗಾದ 55 ಮಂದಿಯಲ್ಲಿ ರಾಜಕಾರಣಿಗಳು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಹೆಚ್ಚಿನವರು ಜಿಲ್ಲಾ ಆಯ್ಕೆ ಸಮಿತಿಗಳಲ್ಲಿ ಕುಳಿತಿದ್ದ ಶಿಕ್ಷಣ ಇಲಾಖೆಯ ನೌಕರರು. ಅವರ ವಿಷಯ ಅಷ್ಟಾಗಿ ಚರ್ಚೆಯಾಗಲಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ಪಾಠವಿರುವುದು ಅಲ್ಲಿಯೇ.

ನಡೆದದ್ದಿಷ್ಟು. 1999ರಲ್ಲಿ ಚೌಟಾಲ ಸರ್ಕಾರ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, ಪ್ರಾಥಮಿಕ ಶಿಕ್ಷಕರ ಆಯ್ಕೆಯನ್ನು ರಾಜ್ಯದ ಸಿಬ್ಬಂದಿ ಆಯ್ಕೆ ಆಯೋಗದ ಕೈಯಿಂದ ತೆಗೆದು ಜಿಲ್ಲಾ ಸಮಿತಿಗಳಿಗೆ ಒಪ್ಪಿಸಲಾಯಿತು. ಹುದ್ದೆಗಳು 3,206, ಜಿಲ್ಲೆಗಳು 18. ಆ ಡಿಸೆಂಬರ್‌ನಲ್ಲಿ ಸಂದರ್ಶನ ಮುಗಿದು ಸದಸ್ಯರು ಪಟ್ಟಿಗಳಿಗೆ ಸಹಿ ಮಾಡಿಕೊಟ್ಟರು. ಫಲಿತಾಂಶ ಮಾತ್ರ ತಿಂಗಳುಗಟ್ಟಲೆ ಹೊರಬರಲಿಲ್ಲ. ನಡುವೆ ವಿಧಾನಸಭಾ ಚುನಾವಣೆಯೂ ಮುಗಿಯಿತು. ಸಿಬಿಐ ನ್ಯಾಯಾಲಯದ ಮುಂದಿಟ್ಟ ಪ್ರಕಾರ, ಸಮಿತಿಯವರನ್ನು ದೆಹಲಿಯ ಹರಿಯಾಣ ಭವನಕ್ಕೂ ಚಂಡೀಗಡದ ಅತಿಥಿಗೃಹವೊಂದಕ್ಕೂ ಕರೆಸಿ ಎರಡನೆಯ ಪಟ್ಟಿಗಳನ್ನು ತಯಾರಿಸಲಾಯಿತು. ಅದೇ ಅಭ್ಯರ್ಥಿಗಳು, ಅದೇ ಸಂದರ್ಶನ, ಅದೇ ಸದಸ್ಯರು. ಅಂಕಗಳು ಮಾತ್ರ ಬೇರೆ. 2000ದ ಸೆಪ್ಟೆಂಬರ್‌ನಲ್ಲಿ ಪ್ರಕಟವಾದದ್ದು ಈ ಎರಡನೆಯ ಪಟ್ಟಿಗಳ ಫಲಿತಾಂಶ.

ಇಲ್ಲೊಂದು ಕುತೂಹಲಕರವಾದ ಕಾನೂನಿನ ಪ್ರಶ್ನೆ ಏಳುತ್ತದೆ. ಖೊಟ್ಟಿ ದಾಖಲೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬೇರೊಬ್ಬರ ಸಹಿಯನ್ನು ಅನುಕರಿಸುವ ಕಳ್ಳ ಕೈ. ಹರಿಯಾಣದಲ್ಲಿ ಹಾಗಾಗಲಿಲ್ಲ. ಸಹಿ ಹಾಕಿದವರು ಸಹಿ ಹಾಕುವ ಅಧಿಕಾರವಿದ್ದವರೇ. ಹಾಕಿದ್ದು ತಮ್ಮದೇ ಸಹಿ. ಹೀಗಿರುವಾಗ ಅದು ಖೊಟ್ಟಿ ಹೇಗಾಯಿತು? 1860ರಷ್ಟು ಹಿಂದೆಯೇ ಭಾರತೀಯ ದಂಡ ಸಂಹಿತೆಯನ್ನು ರಚಿಸಿದವರು ಇದಕ್ಕೆ ಉತ್ತರ ಬರೆದಿಟ್ಟಿದ್ದರು. ಮನುಷ್ಯನೊಬ್ಬ ತನ್ನ ಸ್ವಂತ ಹೆಸರಿನ ಸಹಿ ಹಾಕುವುದೂ ಖೊಟ್ಟಿ ಸೃಷ್ಟಿಯಾಗಬಲ್ಲದು ಎಂದು 464ನೆಯ ಕಲಮಿನ ವಿವರಣೆ ಹೇಳುತ್ತದೆ. ಜಮೀನನ್ನು ಒಬ್ಬನಿಗೆ ಮಾರಿದವನು, ಅವನಿಗೆ ಮೋಸ ಮಾಡಲೆಂದು ಅದಕ್ಕೂ ಹಿಂದಿನ ತಾರೀಖು ಹಾಕಿ ಅದೇ ಜಮೀನಿಗೆ ಇನ್ನೊಬ್ಬನ ಹೆಸರಿಗೆ ಕ್ರಯಪತ್ರ ಬರೆದುಕೊಟ್ಟರೆ, ಸಹಿ ಅವನದೇ ಆದರೂ ದಾಖಲೆ ಖೊಟ್ಟಿಯೇ. ಸಂದರ್ಶನದ ದಿನ ಕೊಟ್ಟ ಅಂಕಗಳೆಂದು ನಂಬಿಸಲು ತಿಂಗಳುಗಳ ನಂತರ ಬರೆದ ಪಟ್ಟಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಹೀಗಾಗಿಯೇ ಒಳಸಂಚು ಮತ್ತು ವಂಚನೆಯ ಜೊತೆಗೆ 467 ಹಾಗೂ 471ನೆಯ ಕಲಮುಗಳೂ ಈ ಆರೋಪಿಗಳಿಗೆ ಅನ್ವಯವಾದವು. ಹಕ್ಕನ್ನು ಸೃಷ್ಟಿಸುವಂಥ ಬೆಲೆಬಾಳುವ ದಾಖಲೆಗಳ ಖೊಟ್ಟಿಗೆ ಸಂಬಂಧಿಸಿದ 467ನೆಯ ಕಲಮು ಜೀವಾವಧಿ ಶಿಕ್ಷೆಯವರೆಗೂ ಹೋಗುತ್ತದೆ. ಅಂಕಪಟ್ಟಿಯ ಕಾಗದ ಆಸ್ತಿಪತ್ರದಷ್ಟೇ ಗಂಭೀರವಾದ ದಾಖಲೆಯೆಂದು ಈ ತೀರ್ಪಿನಿಂದ ಸ್ಥಾಪಿತವಾದದ್ದು ಸಣ್ಣ ಸಂಗತಿಯೇನಲ್ಲ.

ಪ್ರಕರಣ ಬೆಳಕಿಗೆ ಬಂದ ಬಗೆಯೂ ವಿಲಕ್ಷಣ. ಫಲಿತಾಂಶ ಪ್ರಕಟಿಸಿದ ಕಾಲದ ನಿರ್ದೇಶಕ ಸಂಜೀವ್ ಕುಮಾರ್ ಎಂಬ ಐಎಎಸ್ ಅಧಿಕಾರಿಯೇ 2003ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೋಗಿ, ಪಟ್ಟಿ ಬದಲಿಸಲು ಮುಖ್ಯಮಂತ್ರಿ ಒತ್ತಡ ಹೇರಿದರೆಂದು ದೂರಿದರು. ನ್ಯಾಯಾಲಯ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ತನಿಖೆ ಮುಗಿದಾಗ ದೂರುದಾರರೂ ಆರೋಪಿಗಳ ಸಾಲಿನಲ್ಲಿದ್ದರು! 2008ರ ಆರೋಪಪಟ್ಟಿಯಲ್ಲಿದ್ದವರು 62 ಮಂದಿ. ವಿಚಾರಣೆಯ ಅವಧಿಯಲ್ಲಿ ಆರು ಮಂದಿ ತೀರಿಕೊಂಡರು, ಒಬ್ಬರನ್ನು ಕೈಬಿಡಲಾಯಿತು. 2013ರ ಜನವರಿಯಲ್ಲಿ ದೆಹಲಿಯ ವಿಶೇಷ ನ್ಯಾಯಾಲಯ ಉಳಿದ 55 ಮಂದಿಯೂ ತಪ್ಪಿತಸ್ಥರೆಂದು ಹೇಳಿತು. ಚೌಟಾಲ ಅವರಿಗಾಗ 78 ವರ್ಷ. ಅವರೂ ಸೇರಿದಂತೆ ಹತ್ತು ಮಂದಿಗೆ ಹತ್ತು ವರ್ಷ, ಬಹುಪಾಲು ಕೆಳಹಂತದ ಅಧಿಕಾರಿಗಳಿಗೆ ನಾಲ್ಕು ವರ್ಷ ಸಜೆಯಾಯಿತು. 2015ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಐವರಿಗೆ ಹತ್ತು ವರ್ಷಗಳ ಶಿಕ್ಷೆಯನ್ನು ಎತ್ತಿಹಿಡಿದು, ಉಳಿದ ಐವತ್ತು ಮಂದಿಯ ಶಿಕ್ಷೆಯನ್ನು ಎರಡು ವರ್ಷಕ್ಕೆ ಇಳಿಸಿತು. ಶಿಕ್ಷೆ ಇಳಿಯಿತೇ ಹೊರತು ಅಪರಾಧ ಅಳಿಯಲಿಲ್ಲ.

ಮೇಲಿನವರು ಹೇಳಿದರು, ನಾವು ಮಾಡಿದೆವು: ಇಂಥ ಪ್ರಕರಣಗಳಲ್ಲಿ ಕೆಳಹಂತದವರು ಹೇಳುವ ಮಾತಿದು. ಸರ್ಕಾರಿ ಕಚೇರಿಗಳ ಒಳಹೊರಗು ಬಲ್ಲ ಯಾರೂ ಈ ಮಾತನ್ನು ಲಘುವಾಗಿ ತೆಗೆದುಕೊಳ್ಳಲಾರರು. ಸಹಿ ಹಾಕದಿದ್ದರೆ ವರ್ಗ, ಅಮಾನತು, ಇಲಾಖಾ ವಿಚಾರಣೆ, ತಡೆಹಿಡಿದ ಪಿಂಚಣಿ. ನಿವೃತ್ತಿಯ ಅಂಚಿನಲ್ಲಿರುವ, ಮಗಳ ಮದುವೆಯ ಸಾಲವಿರುವ ಅಧಿಕಾರಿಯೊಬ್ಬ ಅತಿಥಿಗೃಹದ ಕೋಣೆಯಲ್ಲಿ ಕುಳಿತಿದ್ದಾನೆ, ಎದುರಿಗೆ ಖಾಲಿ ನಮೂನೆಗಳಿವೆ, ಪಕ್ಕದಲ್ಲಿ ಮುಖ್ಯಮಂತ್ರಿ ಕಚೇರಿಯಿಂದ ಬಂದವರಿದ್ದಾರೆ ಎಂದು ಊಹಿಸಿಕೊಳ್ಳಿ. ಆ ಕ್ಷಣದಲ್ಲಿ ಧೈರ್ಯ ತೋರಬೇಕಿತ್ತೆಂದು ನಾವು ಆರಾಮಕುರ್ಚಿಯಲ್ಲಿ ಕುಳಿತು ಹೇಳುವುದು ಸುಲಭ. ಆದರೂ ಆ ಮಾತನ್ನು ಒಪ್ಪಲು ಒಂದು ದೊಡ್ಡ ಅಡ್ಡಿಯಿದೆ, ಅದೇ ಬಟ್ಟೆ ಸುತ್ತಿದ ಬೀರು. ಒತ್ತಡ ಎಲ್ಲರ ಮೇಲೂ ಇತ್ತು, ಒಬ್ಬರು ಬಗ್ಗಲಿಲ್ಲ. ಅವರು ಐಎಎಸ್ ಅಧಿಕಾರಿ, ವರ್ಗವಾದರೆ ಇನ್ನೊಂದು ಕುರ್ಚಿ ಸಿಗುತ್ತದೆ, ಜಿಲ್ಲೆಯ ಶಿಕ್ಷಣಾಧಿಕಾರಿಗೆ ಆ ರಕ್ಷಣೆಯಿಲ್ಲ ಎಂಬ ವಾದದಲ್ಲಿ ನ್ಯಾಯವಿದೆ. ಹೈಕೋರ್ಟು ಶಿಕ್ಷೆಯ ಪ್ರಮಾಣದಲ್ಲಿ ಮಾಡಿದ ಭೇದದ ಫಲವೂ ಈ ನ್ಯಾಯಕ್ಕೆ ಹೊಂದುತ್ತದೆ. ಒತ್ತಡವು ಶಿಕ್ಷೆಯ ಪ್ರಮಾಣವನ್ನು ತಗ್ಗಿಸಬಹುದು, ಸಹಿಯನ್ನು ಸಕ್ರಮಗೊಳಿಸಲಾರದು.

ಶಾಲೆಯ ಹಣ ಎಂದರೆ ಕಟ್ಟಡದ ಅನುದಾನ, ಬಿಸಿಯೂಟದ ಅಕ್ಕಿ, ಸಮವಸ್ತ್ರದ ಬಟ್ಟೆ ಎಂದಷ್ಟೇ ನಾವು ಭಾವಿಸುತ್ತೇವೆ. ಅವುಗಳಲ್ಲಿ ನಡೆಯುವ ಕಳವಿನ ಸುದ್ದಿ ದಿನನಿತ್ಯ ಓದುತ್ತೇವೆ. ರಾಜ್ಯಗಳ ಶಿಕ್ಷಣ ಬಜೆಟ್ಟಿನಲ್ಲಿ ಸಿಂಹಪಾಲು ಹೋಗುವುದು ಶಿಕ್ಷಕರ ಸಂಬಳಕ್ಕೆ. ಒಂದು ಹುದ್ದೆಯೆಂದರೆ ಸುಮಾರು ಮೂವತ್ತು ವರ್ಷಗಳ ವೇತನ. ನಕಲಿ ಬಿಲ್ಲು ಬರೆದು ಅಕ್ಕಿ ಕದ್ದರೆ ಲೆಕ್ಕ ಪರಿಶೋಧಕ ಎಂದಾದರೊಂದು ದಿನ ದಾಸ್ತಾನು ಪುಸ್ತಕ ತೆರೆದು ಆಕ್ಷೇಪಣೆ ಬರೆಯುತ್ತಾನೆ. ಖೊಟ್ಟಿ ಅಂಕದಿಂದ ಬಂದ ಶಿಕ್ಷಕನ ವಿಷಯದಲ್ಲಿ ಯಾವ ಆಕ್ಷೇಪಣೆಯೂ ಏಳುವುದಿಲ್ಲ. ಹಾಜರಿ ಪುಸ್ತಕ ಸರಿಯಿದೆ, ವೇತನದ ಬಿಲ್ಲು ಸರಿಯಿದೆ, ಆತ ಶಾಲೆಗೆ ಬರುತ್ತಿದ್ದಾನೆ. ಒಮ್ಮೆ ಮಾಡಿದ ವಂಚನೆ ಪ್ರತಿ ತಿಂಗಳ ಕೊನೆಗೆ ಸಕ್ರಮವಾಗಿಯೇ ಖಜಾನೆಯಿಂದ ಹಣ ಪಡೆಯುತ್ತದೆ. ಇನ್ನು ಅಂಕ ಕಡಿತಗೊಂಡು ಮನೆಗೆ ಹೋದವನ ಹೆಸರು ಯಾವ ಲೆಕ್ಕಪುಸ್ತಕದಲ್ಲೂ ಇಲ್ಲ. 1999ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದವನಿಗೆ ತೀರ್ಪು ಬಂದಾಗ ನಲವತ್ತು ಹತ್ತಿರವಾಗಿತ್ತು.

ಅಂಕ ತಿದ್ದಿದ ಪಾಪ ಯಾರ ತಲೆಗೆ ಬರುತ್ತದೆಂಬುದಕ್ಕೆ ಪಶ್ಚಿಮ ಬಂಗಾಳ ಇನ್ನೂ ಕ್ರೂರವಾದ ಉದಾಹರಣೆ ಒದಗಿಸಿತು. 2016ರ ಶಾಲಾ ಸಿಬ್ಬಂದಿ ನೇಮಕಾತಿಯಲ್ಲಿ ಉತ್ತರ ಹಾಳೆಗಳ ಅಂಕ ತಿದ್ದಿದ್ದು, ರ‍್ಯಾಂಕ್ ಜಿಗಿಸಿದ್ದು ಬಯಲಾಗಿ, 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟು 25,753 ನೇಮಕಾತಿಗಳನ್ನು ರದ್ದುಪಡಿಸಿತು. ಕಳಂಕಿತರು ಪಡೆದ ವೇತನವನ್ನು ಮರಳಿಸಬೇಕೆಂದಿತು. ಆದರೆ ಮೂಲ ಉತ್ತರ ಹಾಳೆಗಳನ್ನು ನಾಶಪಡಿಸಲಾಗಿತ್ತು. ಇಡೀ ಪ್ರಕ್ರಿಯೆಯೇ ಸರಿಪಡಿಸಲಾಗದಷ್ಟು ಕೆಟ್ಟಿದೆ ಎಂಬ ನಿರ್ಣಯಕ್ಕೆ ನ್ಯಾಯಾಲಯ ಬಂದದ್ದರಿಂದ, ಯಾವ ತಪ್ಪೂ ಮಾಡದೆ ಓದಿ ಬರೆದು ಆಯ್ಕೆಯಾದವರೂ ಕೆಲಸ ಕಳೆದುಕೊಂಡರು. ಮಕ್ಕಳ ಪಾಠ ನಿಲ್ಲದಿರಲೆಂದು ಕಳಂಕವಿಲ್ಲದ ಶಿಕ್ಷಕರಿಗೆ ಆ ವರ್ಷದ ಡಿಸೆಂಬರ್ ಕೊನೆಯವರೆಗೆ ತಾತ್ಕಾಲಿಕ ಅವಕಾಶ ಸಿಕ್ಕಿತಷ್ಟೆ. ಹರಿಯಾಣದಲ್ಲಿ ಎರಡು ಪಟ್ಟಿಗಳ ನಡುವಣ ವ್ಯತ್ಯಾಸವೇ ಸಾಕ್ಷಿಯಾಯಿತು. ಬಂಗಾಳದಲ್ಲಿ ಹೋಲಿಸಿ ನೋಡಲು ಮೂಲ ದಾಖಲೆಯೇ ಇರಲಿಲ್ಲ.

ನಾವು ಕನ್ನಡಿಗರು ಈ ವಿಷಯದಲ್ಲಿ ಬೀಗುವಂತಿಲ್ಲ. ಚಂಡೀಗಡದ ಈ ಆಟಕ್ಕೆ ತುಸು ಮೊದಲು, ತೊಂಬತ್ತರ ದಶಕದ ಉತ್ತರಾರ್ಧದಲ್ಲಿ, ಎಚ್.ಜಿ. ಗೋವಿಂದೇಗೌಡರು ಶಿಕ್ಷಣ ಸಚಿವರಾಗಿ ಒಂದು ಲಕ್ಷಕ್ಕೂ ಮಿಕ್ಕಿ ಶಿಕ್ಷಕರನ್ನು ಮೆರಿಟ್ ಆಧಾರದ ಮೇಲೆ ನೇಮಿಸಿದರು. ಇವತ್ತಿಗೂ ಮಲೆನಾಡಿನಿಂದ ಬಯಲುಸೀಮೆಯವರೆಗೆ ಆ ಪೀಳಿಗೆಯ ಮೇಷ್ಟ್ರುಗಳು ಅವರ ಹೆಸರನ್ನು ಕೃತಜ್ಞತೆಯಿಂದ ಹೇಳುವುದುಂಟು. ಅದೇ ಕರ್ನಾಟಕದಲ್ಲಿ 2022ರಲ್ಲಿ, ಹಲವು ವರ್ಷಗಳ ಹಿಂದಿನ ಪ್ರೌಢಶಾಲಾ ಶಿಕ್ಷಕರ ಅಕ್ರಮ ನೇಮಕಾತಿಯ ದೂರಿನ ಮೇಲೆ ಸಿಐಡಿ ಪೊಲೀಸರು ಶಿಕ್ಷಕರನ್ನೂ ಇಲಾಖೆಯ ಅಧಿಕಾರಿಗಳನ್ನೂ ಬಂಧಿಸಬೇಕಾಯಿತು. ಒಳ್ಳೆಯ ಸಚಿವರೊಬ್ಬರು ಕಟ್ಟಿದ ಪದ್ಧತಿ ಅವರ ನಂತರ ತಾನಾಗಿ ಉಳಿಯುತ್ತದೆಂಬ ಭರವಸೆಯಿಲ್ಲ.

ಸಂದರ್ಶನದ ಅಂಕಗಳೇ ಈ ರೋಗದ ಮೂಲ, ಅವನ್ನು ತೆಗೆದುಹಾಕಿದರೆ ಸಾಕು ಎಂಬ ವಾದವೊಂದಿದೆ. 2016ರಿಂದ ಕೇಂದ್ರ ಸರ್ಕಾರ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟದ್ದು ಸರಿಯಾದ ಕ್ರಮವೇ. ಆದರೆ ಬಂಗಾಳದಲ್ಲಿ ಲಿಖಿತ ಪರೀಕ್ಷೆಯ ಅಂಕಗಳನ್ನೇ ತಿದ್ದಲಾಯಿತಲ್ಲ! ಮೂಲ ಪಟ್ಟಿಯ ಪ್ರತಿ ಅಂದಂದೇ ಇಲಾಖೆಯ ಹೊರಗಿನವರ ಕೈಸೇರಿದರೆ, ಅಭ್ಯರ್ಥಿಯ ಅಂಕ ಅದೇ ಸಂಜೆ ಫಲಕದಲ್ಲಿ ಪ್ರಕಟವಾದರೆ, ಎರಡನೆಯ ಪಟ್ಟಿ ಬರೆಯುವ ಅವಕಾಶವೇ ಕುಗ್ಗುತ್ತದೆ. ಹರಿಯಾಣದಲ್ಲಿ ಅಂಕಗಳು ಒಂಬತ್ತು ತಿಂಗಳು ಬೀರುವಿನಲ್ಲಿ ಕುಳಿತಿದ್ದವು. ಆ ವಿಳಂಬವೇ ಅಪರಾಧಕ್ಕೆ ಸಮಯ ಒದಗಿಸಿತು.

ಕೊನೆಯದಾಗಿ ಕಾನೂನಿನ ಈಗಿನ ಸ್ಥಿತಿ. ಚೌಟಾಲ ಮತ್ತಿತರರ ಮೇಲೆ ಭ್ರಷ್ಟಾಚಾರ ತಡೆ ಕಾಯ್ದೆಯ 13ನೆಯ ಕಲಮೂ ಇತ್ತು. ಲಂಚ ಕೈಬದಲಾಯಿತೆಂದು ತೋರಿಸಲಾಗದಿದ್ದರೂ, ಅಧಿಕಾರ ದುರುಪಯೋಗದಿಂದ ಬೇರೊಬ್ಬರಿಗೆ ಅನುಚಿತ ಲಾಭ ಮಾಡಿಕೊಟ್ಟದ್ದನ್ನು ಅಪರಾಧವೆಂದು ಎಣಿಸುತ್ತಿದ್ದ ಅದರ ಉಪಕಲಮನ್ನು 2018ರ ತಿದ್ದುಪಡಿ ಕಿತ್ತುಹಾಕಿತು. ಅಧಿಕಾರಿಯ ತೀರ್ಮಾನಗಳ ಬಗ್ಗೆ ತನಿಖೆ ಆರಂಭಿಸಲು ಸರ್ಕಾರದ ಪೂರ್ವಾನುಮತಿ ಬೇಕೆಂಬ 17ಎ ಕಲಮು ಅದೇ ತಿದ್ದುಪಡಿಯ ಕೊಡುಗೆ. ಪ್ರಾಮಾಣಿಕ ಅಧಿಕಾರಿಗಳು ನಿರ್ಭಯವಾಗಿ ಕೆಲಸ ಮಾಡಲಿ ಎಂಬುದು ಸರ್ಕಾರ ಕೊಟ್ಟ ಸಮರ್ಥನೆ. ಇಂಥ ಅನುಮತಿ ಕೊಡುವ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲಿದ್ದು, ಆರೋಪ ಅದರ ಮುಖ್ಯಮಂತ್ರಿಯ ಕಚೇರಿಯತ್ತಲೇ ಬೆರಳು ಮಾಡಿದಾಗ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣದ ಜಾಡು ಸಿಗದ ಇಂಥ ಮೊಕದ್ದಮೆಗಳಲ್ಲಿ ಇನ್ನು ಮುಂದೆ ತನಿಖಾಧಿಕಾರಿಗೆ ಮುಖ್ಯ ಆಧಾರವಾಗಿ ಉಳಿಯುವುದು ಖೊಟ್ಟಿ ದಾಖಲೆಯ ಆರೋಪ. ಹಳೆಯ 467ನೆಯ ಕಲಮು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 338ನೆಯದಾಗಿದೆ. ಸ್ವಂತ ಸಹಿಯೂ ಖೊಟ್ಟಿಯಾಗಬಲ್ಲದೆಂಬ ವಿವರಣೆ 335ನೆಯ ಕಲಮಿನಲ್ಲಿ ಮುಂದುವರಿದಿದೆ.