‘ಅಲ್ಲಿನ ಕಾನೂನು ಪಾಲಿಸಿದ್ದೇವೆ’ ಅಂದರೆ ಮುಗಿಯಿತೇ?

2016ರಲ್ಲಿ ಅಮೆರಿಕದ ಎಫ್‌ಬಿಐ, ಸ್ಯಾನ್ ಬರ್ನಾರ್ಡಿನೊ ದಾಳಿಕೋರನ ಐಫೋನ್ ತೆರೆಯಲು ನೆರವಾಗಿ ಎಂದು ಕೋರ್ಟ್ ಆದೇಶ ತಂದಾಗ, ಆ್ಯಪಲ್‌ನ ಟಿಮ್ ಕುಕ್ ಗ್ರಾಹಕರಿಗೆ ಬಹಿರಂಗ ಪತ್ರ ಬರೆದು ಆಗಲ್ಲ ಅಂದರು. ಎರಡು ವರ್ಷ ಕಳೆಯಿತು. 2018ರ ಫೆಬ್ರುವರಿಯಲ್ಲಿ ಅದೇ ಆ್ಯಪಲ್ ಚೀನಾ ಗ್ರಾಹಕರ ಐಕ್ಲೌಡ್ ಸೇವೆಯನ್ನು ಗುಯಿಝೌ ಪ್ರಾಂತ್ಯದ, ಸರ್ಕಾರಿ ಒಡೆತನದ ಕಂಪನಿಯೊಂದಕ್ಕೆ ವಹಿಸಿತು. ಡೇಟಾ ಜೊತೆಗೆ ಎನ್‌ಕ್ರಿಪ್ಷನ್ ಕೀಗಳೂ ಚೀನಾದೊಳಗೆ ಹೋದವು. ಅದಕ್ಕೂ ಮುಂಚೆ ಕೀಗಳು ಅಮೆರಿಕದಲ್ಲಿದ್ದವು. ಚೀನಾ ಪೊಲೀಸರಿಗೆ ಮಾಹಿತಿ ಬೇಕಿದ್ದರೆ ಅಮೆರಿಕದ ಕಾನೂನು ದಾಟಿ ಬರಬೇಕಿತ್ತು.

ಕೀಗಳು ನಮ್ಮ ಹಿಡಿತದಲ್ಲೇ ಇವೆ ಅನ್ನುತ್ತದೆ ಕಂಪನಿ. ಉಳಿದದ್ದಕ್ಕೆಲ್ಲ ಒಂದೇ ಉತ್ತರ: ಎಲ್ಲಿ ವ್ಯಾಪಾರ ಮಾಡುತ್ತೇವೋ ಅಲ್ಲಿನ ಕಾನೂನು ಪಾಲಿಸುತ್ತೇವೆ. ಕೇಳೋಕೆ ಸರಿಯಾಗೇ ಇದೆ. ನನ್ನ ತಕರಾರು ‘ಕಾನೂನು’ ಅನ್ನೋ ಪದದ ಬಗ್ಗೆ. ಎಫ್‌ಬಿಐ ಜೊತೆ ಆ್ಯಪಲ್ ಜಗಳ ಆಡಿದ್ದು ನ್ಯಾಯಾಲಯದಲ್ಲಿ. ನಮ್ಮ ಬೆಂಗಳೂರಿನಲ್ಲೇ ನೋಡಿ, ಕೇಂದ್ರ ಸರ್ಕಾರದ ಖಾತೆ-ನಿರ್ಬಂಧ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ 2022ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಮರುವರ್ಷ ಸೋತು 50 ಲಕ್ಷ ರೂಪಾಯಿ ದಂಡವನ್ನೂ ಹಾಕಿಸಿಕೊಂಡಿತು. ತೀರ್ಪು ನನಗೆ ಒಪ್ಪಿಗೆಯಿಲ್ಲ, ಆ ಮಾತು ಬೇರೆ. ಆದರೆ ವಾದ ನಡೆಯಿತು, ಕಾರಣ ಬರೆದ ತೀರ್ಪು ಬಂತು. ಚೀನಾದಲ್ಲಿ ಕಮ್ಯುನಿಸ್ಟ್ ಪಕ್ಷ ಬೇಡ ಅಂದದ್ದನ್ನು ಹೀಗೆ ಪ್ರಶ್ನಿಸಿ ಗೆಲ್ಲಬಹುದಾದ ಕೋರ್ಟ್ ಎಲ್ಲಿದೆ?

ಕೆಲವೊಮ್ಮೆ ಆದೇಶವೂ ಬೇಕಾಗುವುದಿಲ್ಲ. 2019ರ ಅಕ್ಟೋಬರ್‌ನಲ್ಲಿ, ಪೊಲೀಸರು ಎಲ್ಲಿದ್ದಾರೆಂದು ಹಾಂಗ್‌ಕಾಂಗ್ ಪ್ರತಿಭಟನಕಾರರಿಗೆ ತೋರಿಸುತ್ತಿದ್ದ ನಕ್ಷೆಯ ಆ್ಯಪ್ ಒಂದನ್ನು ಪಕ್ಷದ ಪತ್ರಿಕೆ ‘ಪೀಪಲ್ಸ್ ಡೈಲಿ’ ಟೀಕಿಸಿತು. ಬೆನ್ನಲ್ಲೇ ಆ್ಯಪಲ್ ಅದನ್ನು ತೆಗೆದುಹಾಕಿತು. ಪೊಲೀಸರ ಸುರಕ್ಷತೆಯ ಕಾರಣ ಕೊಟ್ಟಿತು ನಿಜ.

ಬಿಟ್ಟು ಬರಬೇಕಿತ್ತಾ? ಗೂಗಲ್ 2010ರಲ್ಲಿ ಸೆನ್ಸಾರ್ ಮಾಡಲೊಲ್ಲೆ ಅಂತ ತನ್ನ ಹುಡುಕಾಟದ ಸೇವೆಯನ್ನು ಚೀನಾದಿಂದ ಹೊರತಂದಿತು. ಎಂಟು ವರ್ಷಕ್ಕೆ ಗುಟ್ಟಾಗಿ ‘ಡ್ರ್ಯಾಗನ್‌ಫ್ಲೈ’ ಹೆಸರಲ್ಲಿ ಸೆನ್ಸಾರ್ ಸಹಿತ ವಾಪಸ್ ಹೋಗಲು ತಯಾರಿ ನಡೆಸಿತ್ತು. ಸುದ್ದಿ ಹೊರಬಿದ್ದು ಸ್ವಂತ ನೌಕರರೇ ತಿರುಗಿಬಿದ್ದ ಮೇಲೆ ಕೈಬಿಟ್ಟಿತು. ಆ್ಯಪಲ್‌ಗೆ ಹೊರಬರೋದು ಇನ್ನೂ ಕಷ್ಟ. 2022ರ ಹಣಕಾಸು ವರ್ಷದಲ್ಲಿ ತೈವಾನ್, ಹಾಂಗ್‌ಕಾಂಗ್ ಸೇರಿದ ಚೀನಾ ವಲಯದ ಮಾರಾಟವೇ ಸುಮಾರು 7,400 ಕೋಟಿ ಡಾಲರ್, ಒಟ್ಟು ಆದಾಯದ ಹತ್ತಿರ ಹತ್ತಿರ ಐದನೇ ಒಂದು ಭಾಗ. ಫೋನ್ ತಯಾರಾಗೋದೂ ಹೆಚ್ಚಾಗಿ ಅಲ್ಲೇ. ಆ್ಯಪಲ್ ಹೋದರೆ ಚೀನಾದ ಗ್ರಾಹಕನಿಗೆ ಇರೋ ಅಷ್ಟಿಷ್ಟು ಗೌಪ್ಯತೆಯೂ ಹೋಗುತ್ತದೆ ಅನ್ನೋ ವಾದವನ್ನು ನಾನು ತಳ್ಳಿಹಾಕಲ್ಲ. ಆದರೆ ಆ ವಾದಕ್ಕೆ ಗಡಿಯೇ ಇಲ್ಲ. ಮುಂದಿನ ಪ್ರತಿ ರಾಜಿಗೂ ಅದನ್ನೇ ಹೇಳಬಹುದು.

ಹಾಗಾಗಿ ನನಗೆ ಆಸಕ್ತಿಯಿರೋದು ಒತ್ತಡ ಎಲ್ಲಿಂದ ಬಂದರೆ ಕಂಪನಿ ಅಲುಗಾಡುತ್ತದೆ ಅನ್ನೋದರಲ್ಲಿ. 2020ರ ಫೆಬ್ರುವರಿಯ ಷೇರುದಾರರ ಸಭೆಯಲ್ಲಿ, ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ನಿಮ್ಮ ನೀತಿ ಏನೆಂದು ವರದಿ ಕೊಡಿ ಅಂತ ಒಂದು ನಿರ್ಣಯ ಬಂತು. ಆಡಳಿತ ಮಂಡಳಿ ವಿರೋಧಿಸಿದರೂ ಶೇ 40ರಷ್ಟು ಮತ ಬಿತ್ತು. ನಿರ್ಣಯ ಬಿದ್ದುಹೋಯಿತು, ಅದೇ ವರ್ಷ ಆ್ಯಪಲ್ ಮಾನವ ಹಕ್ಕುಗಳ ನೀತಿ ಪ್ರಕಟಿಸಿತು. ಸರ್ಕಾರಗಳ ಬೇಡಿಕೆಯಂತೆ 2022ರಲ್ಲಿ ತೆಗೆದ 1,474 ಆ್ಯಪ್‌ಗಳಲ್ಲಿ 1,435 ಚೀನಾದ್ದೇ ಅನ್ನೋದು ಇವತ್ತು ನಮಗೆ ಗೊತ್ತಿರುವುದು ಕಂಪನಿಯೇ ಹೊರತಂದ ವರದಿಯಿಂದ. ಹೆಚ್ಚಿನವು ಪರವಾನಗಿ ಇಲ್ಲದ ಗೇಮ್‌ಗಳಂತೆ. ಉಳಿದವುಗಳ ಹೆಸರನ್ನು ಷೇರುದಾರರು ಮುಂದಿನ ಸಭೆಯಲ್ಲಿ ಕೇಳಬೇಕು.